ಇಕ್ಕಟ್ಟಾದ ಕೋನದಲ್ಲಿ ಕೊಳವೆಗಳ ಬೆಸುಗೆ: ತರಬೇತಿ ಮತ್ತು ಲೆಕ್ಕ

ಉಕ್ಕಿನ ಕೊಳವೆಗಳಿಂದ ಶೆಡ್ಡಿನ ಟ್ರಸ್ ತಯಾರಿಸುವ ಸಣ್ಣ ಘಟಕಗಳಲ್ಲಿ, ದಿನಕ್ಕೆ ಎಷ್ಟು ಜೋಡಣೆ ಮುಗಿಯಿತೆಂಬುದರಿಂದಲೇ ವೆಲ್ಡರನ ಕೌಶಲವನ್ನು ಅಳೆಯುವ ರೂಢಿಯಿದೆ. ಕೊಳವೆಗಳು ಲಂಬವಾಗಿ ಕೂಡುವೆಡೆ ಈ ಅಳತೆ ಒಂದು ಮಟ್ಟಿಗೆ ಸರಿ. ಆದರೆ ಮಾಡಿನ ಇಳಿಜಾರು 3 ಅಡಿಗೆ 1 ಅಡಿಯಂತಿದ್ದರೆ, ಸೂರಿನ ತುದಿಯಲ್ಲಿ ಮೇಲಿನ ಹಾಗೂ ಕೆಳಗಿನ ಕೊಳವೆಗಳ ನಡುವಣ ಕೋನ ಸುಮಾರು 18 ಡಿಗ್ರಿ ಮಾತ್ರ. ಅಲ್ಲಿ ಎಲೆಕ್ಟ್ರೋಡಿನ ತುದಿ ಸಂದಿಯ ಬುಡವನ್ನು ಮುಟ್ಟುವುದೇ ಕಷ್ಟ. ಕರಗಿದ ಲೋಹವು ಎರಡು ಗೋಡೆಗಳ ನಡುವೆ ಸೇತುವೆಯಂತೆ ನಿಂತು, ಒಳಗೆ ಟೊಳ್ಳೂ ಸ್ಲ್ಯಾಗೂ ಉಳಿಯುತ್ತವೆ. ಹೊರಗಿನಿಂದ ಬೆಸುಗೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಅದರ ಕೆಳಗೆ ಜನರು ಕೆಲಸ ಮಾಡುತ್ತಿರುತ್ತಾರೆ. 1968ರ ಭಾರತೀಯ ಮಾನಕ ಐಎಸ್ 806, 30 ಡಿಗ್ರಿಗಿಂತ ಕಿರಿದಾದ ಜೋಡಣೆಯನ್ನು ಅದರ ಸಾಮರ್ಥ್ಯ ಸಿದ್ಧಪಟ್ಟಲ್ಲಿ ಮಾತ್ರ ಒಪ್ಪುತ್ತದೆ.

ಕಲಿಕೆಯು ಕತ್ತರಿಸುವುದರಿಂದಲೇ ಆರಂಭವಾಗಬೇಕು. ಕಾಗದದ ಮಾದರಿಯನ್ನು ಸುತ್ತಿ ಗುರುತು ಹಾಕಿ, ಒಂದು ಕೊಳವೆಯ ತುದಿ ಇನ್ನೊಂದರ ದುಂಡಿಗೆ ಸರಿಯಾಗಿ ಕೂಡುವಂತೆ ಕತ್ತರಿಸಬೇಕು. ಸಂದು ಹೆಚ್ಚಾದರೆ ತೆಳುಗೋಡೆಯ ಕೊಳವೆ ತೂತು ಬೀಳುತ್ತದೆ. ಅಭ್ಯಾಸವು 90 ಡಿಗ್ರಿಯಿಂದ 60, 45, 30ಕ್ಕೆ ಇಳಿಯಲಿ. ನಾಲ್ಕು ಕಡೆ ಟ್ಯಾಕ್ ಹಾಕಿ, ಎದುರುಬದುರು ಭಾಗಗಳನ್ನು ಸರದಿಯಂತೆ ಬೆಸೆದರೆ ಕೊಳವೆ ಸೊಟ್ಟಗಾಗುವುದು ಕಡಿಮೆ. ಇಕ್ಕಟ್ಟಾದ ಮೂಲೆಗೆ ತೆಳುವಾದ ಎಲೆಕ್ಟ್ರೋಡು ಬಳಸಬೇಕು. ಬೆಸುಗೆಯನ್ನು ಆ ಮೂಲೆಯಲ್ಲೇ ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಸಲ್ಲದು. ಬಳಿಕ ಅಭ್ಯಾಸದ ತುಂಡನ್ನು ಗರಗಸದಿಂದ ಉದ್ದಕ್ಕೆ ಸೀಳಿ, ಅರದಿಂದ ಉಜ್ಜಿ, ಲೋಹ ಬುಡಕ್ಕೆ ಇಳಿದಿದೆಯೇ ಎಂದು ಕಲಿಯುವವನೇ ಕಣ್ಣಾರೆ ನೋಡಬೇಕು. ಇದನ್ನು ಬಿಟ್ಟ ತರಬೇತಿ ತರಬೇತಿಯೇ ಅಲ್ಲವೆಂಬುದು ನನ್ನ ಅಭಿಮತ.

ಮಾಲೀಕರು ಹಿಂಜರಿಯುವುದು ಇಲ್ಲಿಯೇ. ಸೀಳಿದ ಕೊಳವೆ ಗುಜರಿಗೆ ಹೋಗುವುದು ಕಣ್ಣಿಗೆ ಬೀಳುತ್ತದೆ. ಬಿರುಕುಬಿಟ್ಟ ಜೋಡಣೆಯನ್ನು ಗ್ರೈಂಡ್ ಮಾಡಿ ಮತ್ತೆ ಬೆಸೆದ ಖರ್ಚು ಕೂಲಿ, ವಿದ್ಯುತ್ತುಗಳಲ್ಲಿ ಕರಗಿಹೋಗುತ್ತದೆ. ಆದುದರಿಂದ ತರಬೇತಿಗೆ ಒಂದು, ಮರುಕೆಲಸಕ್ಕೆ ಒಂದು ಪ್ರತ್ಯೇಕ ಖಾತೆ ತೆರೆಯುವುದು ಉಚಿತ. ನಡೆಯುತ್ತಿರುವ ಉದ್ಯಮದಲ್ಲಿ ಇಂತಹ ತರಬೇತಿಯು ಸಾಮಾನ್ಯವಾಗಿ ರಾಜಸ್ವ ವೆಚ್ಚವೇ. ಮರುಕೆಲಸದ ಸಂಗತಿ ಬೇರೆ. ಲೆಕ್ಕಪತ್ರ ಮಾನಕ 2ರ ಪ್ರಕಾರ ಅಸಹಜ ಪ್ರಮಾಣದ ಪೋಲನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸುವಂತಿಲ್ಲ. ಸೇರಿಸಿದರೆ ಆ ವರ್ಷದ ಲಾಭ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯೂ ಉಬ್ಬುತ್ತದೆ.

ಇನ್ನು 18 ಡಿಗ್ರಿಯ ಆ ಜೋಡಣೆಯನ್ನು ವೆಲ್ಡರನ ಕೈಚಳಕಕ್ಕೆ ಬಿಡುವುದು ನ್ಯಾಯವಲ್ಲ. ದರಪಟ್ಟಿ ಸಲ್ಲಿಸುವ ಮುನ್ನವೇ ನಕ್ಷೆಯಲ್ಲಿ 30 ಡಿಗ್ರಿಗಿಂತ ಕಿರಿದಾದ ಜೋಡಣೆಗಳನ್ನು ಎಣಿಸಿ, ಅಲ್ಲಿ ಗಸೆಟ್ ಪ್ಲೇಟ್ ಹಾಕಬಹುದೇ ಎಂದು ವಿನ್ಯಾಸ ಮಾಡಿದ ಇಂಜಿನಿಯರರನ್ನು ಲಿಖಿತವಾಗಿ ಕೇಳಬೇಕು. ಆಮೇಲೂ ಉಳಿಯುವ ಜೋಡಣೆಗಳಿಗೆ ದರವನ್ನು ಬೇರೆಯಾಗಿಯೇ ನಮೂದಿಸಬೇಕು.