ನೋಡಿಕೊಳ್ಳುವವರಿಗೂ ಒಂದು ಬುತ್ತಿ

ಓದುವ ಮೊದಲು ಮಾತಾಡಿ

ನಿಮ್ಮ ಊರಿನಲ್ಲಿ ಹಾಸಿಗೆ ಹಿಡಿದವರು ಇರುವ ಮನೆ ಉಂಟೇ? ಅವರನ್ನು ನೋಡಿಕೊಳ್ಳುವವರು ಯಾರು? ತಾಯಿಯೇ? ಹೆಂಡತಿಯೇ? ಸೊಸೆಯೇ? ಅವರು ಕೊನೆಯ ಸಲ ಒಂದು ಮದುವೆಗೋ ಜಾತ್ರೆಗೋ ಹೋದದ್ದು ಯಾವಾಗ? ಪಕ್ಕದಲ್ಲಿ ಕೂತವರೊಡನೆ ಈ ಬಗ್ಗೆ ಮಾತಾಡಿ. ಆಮೇಲೆ ಪಾಠ ಓದಿ.

1. ನಮ್ಮ ಜಿಲ್ಲೆಯ ಸಂಗತಿ

ಕಾಸರಗೋಡು ಜಿಲ್ಲೆಯಲ್ಲಿ ಸರಕಾರದ ಗೇರು ತೋಟಗಳಿವೆ. ಅವು ಪ್ಲಾಂಟೇಶನ್ ಕಾರ್ಪೊರೇಷನ್ ಎಂಬ ಸಂಸ್ಥೆಯ ತೋಟಗಳು. ಗೇರು ಮರದ ಚಿಗುರನ್ನು ಹಾಳು ಮಾಡುವ ಒಂದು ಕೀಟವಿದೆ. ಅದನ್ನು ಕೊಲ್ಲಲು ಎಂಡೋಸಲ್ಫಾನ್ ಎಂಬ ವಿಷವನ್ನು ಸಿಂಪಡಿಸುತ್ತಿದ್ದರು. ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. 20 ವರ್ಷಕ್ಕೂ ಹೆಚ್ಚು ಕಾಲ ಹೀಗೆ ನಡೆಯಿತು. 2000ನೇ ಇಸವಿಯಲ್ಲಿ ಇದು ನಿಂತಿತು.

ತೋಟದ ಕೆಳಗೆ ಮನೆಗಳಿದ್ದವು. ಬಾವಿಗಳಿದ್ದವು. ತೋಡುಗಳಿದ್ದವು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಮೊದಲಾದ 11 ಪಂಚಾಯತುಗಳನ್ನು ಬಾಧಿತ ಪಂಚಾಯತುಗಳೆಂದು ಸರಕಾರ ಗುರುತಿಸಿತು. ಎಣ್ಮಕಜೆಯ ಪಡ್ರೆ ಗ್ರಾಮದಲ್ಲಿ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ಅವರು ಒಂದೇ ಊರಲ್ಲಿ ಇಷ್ಟು ಕಾಯಿಲೆ ಯಾಕೆ ಎಂದು ಕೇಳಿದರು. ಪತ್ರಕರ್ತ ಶ್ರೀಪಡ್ರೆ ಅವರು ಬರೆದರು. ಕೃಷಿ ಇಲಾಖೆಯ ಲೀಲಾಕುಮಾರಿ ಅಮ್ಮ ಅವರು ಕೋರ್ಟಿಗೆ ಹೋದರು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನನ್ನು ತಡೆಯಿತು.

ಸರಕಾರದ ಬಾಧಿತರ ಪಟ್ಟಿಯಲ್ಲಿ 6000ಕ್ಕೂ ಹೆಚ್ಚು ಹೆಸರುಗಳಿವೆ. ಇವರಲ್ಲಿ ನಡೆಯಲಾಗದವರಿದ್ದಾರೆ. ಮಾತು ಬಾರದವರಿದ್ದಾರೆ. ಬೆಳೆದರೂ ಮಗುವಿನಂತೆ ಇರುವವರಿದ್ದಾರೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಬಾಧಿತರಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಹೇಳಿತು. ಆದರೆ ಆ ಹಣ ಹಲವರ ಕೈಸೇರಲು ವರ್ಷಗಳೇ ಹಿಡಿದವು. 2022ರಲ್ಲಿ ಕೋರ್ಟು ಮತ್ತೊಮ್ಮೆ ಹೇಳಬೇಕಾಯಿತು. ಅದಕ್ಕಾಗಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಕೂತದ್ದೂ ಉಂಟು.

ಈ ಪಾಠ ಆ ತಾಯಂದಿರ ಬಗ್ಗೆ. ಪಕ್ಷವಾತ ಬಂದ ಗಂಡನನ್ನು, ವಯಸ್ಸಾದ ಅತ್ತೆಯನ್ನು ನೋಡಿಕೊಳ್ಳುವವರ ಬಗ್ಗೆಯೂ ಹೌದು.

2. ನೋಡಿಕೊಳ್ಳುವವಳ ದಿನ

ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಮಗನಿಗೆ 25 ವರ್ಷ. ಅವನು ಮಲಗಿದಲ್ಲೇ ಇದ್ದಾನೆ. ತಾಯಿ ಬೆಳಿಗ್ಗೆ 5 ಗಂಟೆಗೆ ಏಳುತ್ತಾಳೆ. ಮಗನ ಬಟ್ಟೆ ಬದಲಿಸುತ್ತಾಳೆ. ಮೈ ಒರೆಸುತ್ತಾಳೆ. ಗಂಜಿಯನ್ನು ನುಣ್ಣಗೆ ಕಿವುಚಿ ಸ್ವಲ್ಪ ಸ್ವಲ್ಪವೇ ಕುಡಿಸುತ್ತಾಳೆ. ಅದಕ್ಕೇ ಒಂದು ಗಂಟೆ ಬೇಕು. ಮಲಗಿದವರಿಗೆ ಹುಣ್ಣು ಆಗಬಾರದು. ಆದ್ದರಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ ಬದಲಿಸಬೇಕು. ಹಾಗಾದರೆ ಅವಳ ನಿದ್ದೆ ಎಷ್ಟು? ಲೆಕ್ಕ ಹಾಕಿ ನೋಡಿ.

ಅವಳಿಗೆ ಸೊಂಟ ನೋವು ಉಂಟು. ತಲೆಸುತ್ತು ಉಂಟು. ಆಸ್ಪತ್ರೆಗೆ ಹೋಗಲು ಪುರುಸೊತ್ತಿಲ್ಲ. ಬೀಡಿ ಕಟ್ಟುವ ಕೆಲಸಕ್ಕೂ ಕೈ ಬಿಡುವಿಲ್ಲ. ಮದುವೆಗೆ ಹೋಗದೆ ಎಷ್ಟೋ ವರ್ಷವಾಯಿತು. ನೆಂಟರು ಬರುತ್ತಾರೆ. ಬ್ರೆಡ್ಡು, ಕಿತ್ತಳೆ, ಹಾರ್ಲಿಕ್ಸ್ ತರುತ್ತಾರೆ. ಎಲ್ಲವೂ ಮಗನಿಗೆ. “ಮಗ ಹೇಗಿದ್ದಾನೆ?” ಎಂದು ಎಲ್ಲರೂ ಕೇಳುತ್ತಾರೆ. “ನೀನು ಹೇಗಿದ್ದಿ?” ಎಂದು ಕೇಳುವವರು ಕಡಿಮೆ.

ಅವಳು ಮಲಗಿದರೆ ಆ ಮನೆಯಲ್ಲಿ ಇಬ್ಬರು ಮಲಗಿದ ಹಾಗೆ. ಆದ್ದರಿಂದ ಅವಳನ್ನು ನೋಡಿಕೊಳ್ಳುವುದು ಮಗನನ್ನು ನೋಡಿಕೊಂಡ ಹಾಗೆಯೇ.

3. ಅಯಲ್ಕೂಟದಲ್ಲಿ ನಡೆದ ಮಾತು

ಒಂದು ಕುಟುಂಬಶ್ರೀ ಅಯಲ್ಕೂಟ ಸೇರಿದೆ ಎಂದು ಇಟ್ಟುಕೊಳ್ಳೋಣ. ಈ ಮಾತನ್ನು ಇಬ್ಬರಿಬ್ಬರಾಗಿ ಗಟ್ಟಿಯಾಗಿ ಓದಿ.

ಅಧ್ಯಕ್ಷೆ: ಗುಡ್ಡೆ ಮೇಲಿನ ಮನೆ ಅಕ್ಕ ಮೂರು ತಿಂಗಳಿಂದ ಕೂಟಕ್ಕೆ ಬರ್ಲಿಲ್ಲ. ನಾವು ಎಂತಾದರೂ ಮಾಡ್ಬೇಕಲ್ಲ?

ಒಬ್ಬಳು: ಒಂದು ಸೀರೆ ಕೊಡುವ.

ಅಜ್ಜಿ: ಸೀರೆ ಉಟ್ಟು ಅವಳು ಎಲ್ಲಿಗೆ ಹೋಗ್ಲಿಕ್ಕುಂಟು? ಹೊರಗೆ ಹೋಗ್ಲಿಕ್ಕೇ ಇಲ್ಲ ಅವಳಿಗೆ.

ಇನ್ನೊಬ್ಬಳು: ಹಾಗಾದ್ರೆ ಹಣ ಕೊಡುವ.

ಆಶಾ ಕಾರ್ಯಕರ್ತೆ: ಹಣ ಕೊಟ್ರೆ ಮಗನ ಮದ್ದಿಗೆ ಹೋಗ್ತದೆ. ಅದೂ ಬೇಕು, ಬೇಡ ಅಂತ ಅಲ್ಲ. ಆದ್ರೆ ಅವಳಿಗೆ ಅಂತ ಎಂತ ಉಳಿತದೆ?

ಅಜ್ಜಿ: ಮೊದ್ಲು ಅವಳನ್ನೇ ಕೇಳಿ ಮಾರಾಯ್ತಿ. ನಾವು ಇಲ್ಲಿ ಕೂತು ಹೇಳಿದ್ರೆ ಆಗ್ತದಾ?

ಅಧ್ಯಕ್ಷೆ ಮರುದಿನ ಹೋಗಿ ಕೇಳಿದಳು. ಆ ತಾಯಿ ಮೊದಲು “ನನಗೆಂತದೂ ಬೇಡ” ಅಂದಳು. ಅಧ್ಯಕ್ಷೆ ಎದ್ದು ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಗ ತಾಯಿ ಹೇಳಿದಳು: “ಒಂದು ದಿನ ತಲೆಗೆ ಎಣ್ಣೆ ಹಚ್ಚಿ, ಬಿಸಿನೀರಲ್ಲಿ ನಿಧಾನಕ್ಕೆ ಮೀಯ್ಬೇಕು. ಮಧ್ಯದಲ್ಲಿ ಯಾರೂ ಕರೀಬಾರ್ದು.”

ಬುತ್ತಿ ಕಟ್ಟುವ ಕೆಲಸ ಶುರುವಾಗುವುದು ಇಲ್ಲಿಂದ. ಕೇಳುವುದು ಮೊದಲು. ಕಟ್ಟುವುದು ಆಮೇಲೆ.

4. ಬುತ್ತಿಯಲ್ಲಿ ಏನಿರಲಿ?

ದೂರ ಹೋಗುವವರಿಗೆ ನಮ್ಮ ಹಿರಿಯರು ಬುತ್ತಿ ಕಟ್ಟಿ ಕೊಡುತ್ತಿದ್ದರು. ನೋಡಿಕೊಳ್ಳುವವರದ್ದೂ ದೂರದ ದಾರಿ. ಅವರಿಗೂ ಬುತ್ತಿ ಬೇಕು. ಅದು ದುಬಾರಿ ಆಗಬೇಕಾಗಿಲ್ಲ. ಒಂದು ಬಟ್ಟೆ ಚೀಲ ಸಾಕು.

ಹೊಟ್ಟೆಗೆ: ಒಲೆ ಹಚ್ಚದೆ ತಿನ್ನುವಂಥದ್ದು ಇರಲಿ. ಒಂದು ಕೈಯಲ್ಲಿ ತಿನ್ನುವಂಥದ್ದು ಇರಲಿ. ನಾಲ್ಕು ದಿನ ಕೆಡದೆ ಇರಲಿ. ಅವಲಕ್ಕಿ, ಹುರಿಗಡಲೆ, ಬೆಲ್ಲ, ಎಳ್ಳುಂಡೆ, ಬಾಳೆಹಣ್ಣು ಒಳ್ಳೆಯದು. ಕೊತ್ತಂಬರಿ ಜೀರಿಗೆಯ ಕಷಾಯದ ಹುಡಿ ಇರಲಿ. ಒಂದು ದಿನದ ಪದಾರ್ಥ ಮಾಡಿ ಕೊಟ್ಟರೆ ಇನ್ನೂ ಒಳ್ಳೆಯದು. ಅನ್ನ ಒಂದು ಬೇಯಿಸಿದರೆ ಅವಳ ಕೆಲಸ ಮುಗಿಯಿತು. ಅವಳಿಗೆ ಸಕ್ಕರೆ ಕಾಯಿಲೆ ಉಂಟೇ ಎಂದು ಮೊದಲು ಕೇಳಿ. ಉಂಟಾದರೆ ಬೆಲ್ಲ, ಉಂಡೆ ಬೇಡ.

ಮೈಗೆ: ತಲೆಗೆ ಎಣ್ಣೆ, ಒಳ್ಳೆಯ ಸೋಪು, ಬಾಚಣಿಗೆ, ಮೆತ್ತಗಿನ ಬೈರಾಸು. ಸೊಂಟಕ್ಕೆ ಶಾಖ ಕೊಡಲು ಬಿಸಿನೀರಿನ ಚೀಲ. ಕೈಗೆ ಹಚ್ಚಲು ತೆಂಗಿನೆಣ್ಣೆ. ದಿನವಿಡೀ ಬಟ್ಟೆ ಒಗೆದು ಕೈ ಒಡೆದಿರುತ್ತದೆ.

ರಾತ್ರಿಗೆ: ಒಂದು ಟಾರ್ಚು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದು ನಿಮಗೆ ಗೊತ್ತೇ ಇದೆ. ಒಂದು ಫ್ಲಾಸ್ಕು. ನಡುರಾತ್ರಿ ಎದ್ದಾಗ ಒಲೆ ಹಚ್ಚದೆ ಬಿಸಿ ಚಹಾ ಸಿಗುತ್ತದೆ.

ಕಾಗದಕ್ಕೆ: ಗಟ್ಟಿಯಾದ ಒಂದು ಫೈಲು. ರೇಷನ್ ಕಾರ್ಡು, ಆಧಾರ್, ಅಂಗವೈಕಲ್ಯದ ಸರ್ಟಿಫಿಕೇಟು, ಆಸ್ಪತ್ರೆಯ ಚೀಟಿ ಎಲ್ಲವೂ ಒಂದೇ ಕಡೆ ಇರಲಿ. ಕಾಗದ ಹುಡುಕುವುದೇ ಈ ಮನೆಗಳಲ್ಲಿ ದೊಡ್ಡ ಕಷ್ಟ. ಜೊತೆಗೆ ಒಂದು ನೋಟು ಪುಸ್ತಕ ಮತ್ತು ಪೆನ್ನು. ಯಾವ ಮದ್ದು, ಎಷ್ಟು ಹೊತ್ತಿಗೆ ಎಂದು ಅದರಲ್ಲಿ ಬರೆದಿಡಬಹುದು. ಬರೆಯಲು ಅವಳಿಗೆ ಬಾರದಿದ್ದರೆ ನೀವು ಬರೆದು ಕೊಡಿ. ಈಗ ನಿಮಗೆ ಬರುತ್ತದೆ.

ಮನಸ್ಸಿಗೆ: ಫೋನಿಗೆ ರೀಚಾರ್ಜು. ಒಂದು ಮೊಳ ಮಲ್ಲಿಗೆ. ಯಕ್ಷಗಾನ ಇಷ್ಟವಿದ್ದರೆ ಫೋನಿಗೆ ನಾಲ್ಕು ಪ್ರಸಂಗ ಹಾಕಿ ಕೊಡಿ.

5. ಬುತ್ತಿಯ ಒಳಗೆ ಒಂದು ಚೀಟಿ

ಎಲ್ಲಕ್ಕಿಂತ ದೊಡ್ಡದು ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಹೊತ್ತು. ಸೋಪು, ಎಣ್ಣೆ ಕೊಟ್ಟೆವು. ಮೀಯಲು ಪುರುಸೊತ್ತು ಕೊಡದಿದ್ದರೆ ಎಂತ ಪ್ರಯೋಜನ?

“ಎಂತಾದರೂ ಬೇಕಾದ್ರೆ ಹೇಳಿ” ಎಂದು ನಾವು ಹೇಳಿ ಬರುತ್ತೇವೆ. ಅವಳು ಹೇಳುವುದಿಲ್ಲ. ಕೇಳಲು ನಾಚಿಕೆ. ಆದ್ದರಿಂದ ದಿನವನ್ನೂ ಗಂಟೆಯನ್ನೂ ಬರೆದು ಕೊಡಿ. ಹೀಗೆ:

ಅಕ್ಕಾ,
ಬರುವ ಬುಧವಾರ ಬೆಳಿಗ್ಗೆ 10 ಗಂಟೆಗೆ ನಾವಿಬ್ಬರು ಬರ್ತೇವೆ. 12 ಗಂಟೆ ತನಕ ಮಗನ ಹತ್ತಿರ ಕೂರ್ತೇವೆ. ನೀವು ನಿಧಾನಕ್ಕೆ ಮೀಯಿರಿ. ಮಲಗಿ. ಇಲ್ಲವೇ ಪೇಟೆಗೆ ಹೋಗಿ ಬನ್ನಿ. ಬುಧವಾರ ಆಗದಿದ್ದರೆ ಬೇರೆ ದಿನ ಹೇಳಿ.
ನಿಮ್ಮ ಅಯಲ್ಕೂಟದವರು

ಚೀಟಿ ಚಿಕ್ಕದಿರಲಿ. ಅಕ್ಷರ ಸೊಟ್ಟ ಇದ್ದರೂ ಅಡ್ಡಿಯಿಲ್ಲ. ಆದರೆ ಬರೆದ ದಿನ ತಪ್ಪಬಾರದು. ಬರುತ್ತೇವೆ ಎಂದು ಹೇಳಿ ಬಾರದಿದ್ದರೆ, ಹೇಳದೆ ಇದ್ದದ್ದಕ್ಕಿಂತ ಹೆಚ್ಚು ನೋವಾಗುತ್ತದೆ.

ಕೂರುವ ಮೊದಲು ಕಲಿತುಕೊಳ್ಳಿ. ಮಗ್ಗುಲು ಹೇಗೆ ಬದಲಿಸುವುದು ಎಂದು ತಾಯಿಯಿಂದಲೇ ತಿಳಿಯಿರಿ. ಎತ್ತುವಾಗ ಇಬ್ಬರು ಇರಲಿ. ಸೊಂಟ ಬಗ್ಗಿಸದೆ ಮೊಣಕಾಲು ಬಗ್ಗಿಸಿ ಎತ್ತಿ. ಅಂಗಾತ ಮಲಗಿದವರ ಬಾಯಿಗೆ ಆಹಾರ ಹಾಕಬೇಡಿ. ಶ್ವಾಸಕ್ಕೆ ಸಿಕ್ಕಿಕೊಳ್ಳುತ್ತದೆ. ನಿಮಗೆ ತಿಳಿದ ಮದ್ದು ಕೊಡಬೇಡಿ. ಫಿಟ್ಸ್ ಬಂದರೆ ಏನು ಮಾಡಬೇಕು, ಯಾರಿಗೆ ಫೋನು ಮಾಡಬೇಕು ಎಂದು ಕೇಳಿ ಬರೆದುಕೊಳ್ಳಿ.

6. ಕೊಡುವಾಗ ಗಮನಿಸಿ

ಬುತ್ತಿಯನ್ನು ತಾಯಿಯ ಕೈಗೇ ಕೊಡಿ. “ಇದು ನಿಮಗೆ” ಎಂದು ಬಾಯಿಬಿಟ್ಟು ಹೇಳಿ.

ಫೋಟೋ ತೆಗೆಯಬೇಡಿ. ಫೋನಿನಲ್ಲಿ ನಾಲ್ಕು ಜನರಿಗೆ ಕಳಿಸಬೇಡಿ. ಎಂಡೋಸಲ್ಫಾನ್ ಬಾಧಿತ ಮಕ್ಕಳ ಫೋಟೋ ತೆಗೆದವರು ಬಹಳ ಜನ. ಮತ್ತೆ ಬಂದು ನೋಡಿದವರು ಕಡಿಮೆ.

“ಪೂರ್ವಜನ್ಮದ ಕರ್ಮ” ಎನ್ನಬೇಡಿ. “ದೇವರು ನಿನ್ನ ಪರೀಕ್ಷೆ ಮಾಡ್ತಾನೆ” ಎನ್ನಬೇಡಿ. “ಅಲ್ಲಿ ಮದ್ದು ಮಾಡಿಸು, ಇಲ್ಲಿ ಮದ್ದು ಮಾಡಿಸು” ಎಂದು ಹೇಳಬೇಡಿ. ಅವಳು ಎಲ್ಲ ಕಡೆ ಹೋಗಿ ಬಂದಿರುತ್ತಾಳೆ. ಅವಳು ಅತ್ತರೆ ಅಳಲು ಬಿಡಿ.

“ನನಗೆ ಸಾಕಾಯ್ತು, ಇಬ್ಬರೂ ಒಟ್ಟಿಗೆ ಹೋದ್ರೆ ಒಳ್ಳೇದಿತ್ತು” ಎಂದು ಅವಳು ಹೇಳಿದರೆ ಅದನ್ನು ಬರೀ ಮಾತು ಎಂದು ಬಿಡಬೇಡಿ. ಅವಳನ್ನು ಒಬ್ಬಳೇ ಬಿಟ್ಟು ಬರಬೇಡಿ. ಆಶಾ ಕಾರ್ಯಕರ್ತೆಗೂ ಆರೋಗ್ಯ ಕೇಂದ್ರಕ್ಕೂ ತಿಳಿಸಿ. 14416 ಎಂಬ ಟೆಲಿ ಮಾನಸ್ ನಂಬರಿಗೆ ಫೋನು ಮಾಡಿ. 2022ರಲ್ಲಿ ಆರಂಭವಾದ ಈ ಸೇವೆ ಉಚಿತ. ಕನ್ನಡದಲ್ಲಿಯೂ ಮಾತಾಡಬಹುದು. ಈ ನಂಬರನ್ನು ಫೈಲಿನ ಮೇಲೆ ದೊಡ್ಡದಾಗಿ ಬರೆದಿಡಿ.

7. ಸಿಗಬೇಕಾದ ಸಹಾಯ

ಬುತ್ತಿ ನೆರೆಕರೆಯವರ ಪ್ರೀತಿ. ಆದರೆ ಸರಕಾರದಿಂದ ಬರಬೇಕಾದದ್ದು ಹಕ್ಕು. ಒಂದು ಇದ್ದರೆ ಇನ್ನೊಂದು ಬೇಡ ಎಂದಲ್ಲ.

ಆಶ್ವಾಸಕಿರಣಂ ಎಂಬ ಕೇರಳ ಸರಕಾರದ ಯೋಜನೆ ಇದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಇದರಿಂದ ತಿಂಗಳ ಸಹಾಯಧನ ಸಿಗುತ್ತದೆ. ಎಂಡೋಸಲ್ಫಾನ್ ಬಾಧಿತರಿಗೆ ಸ್ನೇಹಸಾಂತ್ವನಂ ಎಂಬ ಯೋಜನೆ ಬೇರೆಯೇ ಇದೆ. ಅರ್ಜಿಯ ಬಗ್ಗೆ ಅಂಗನವಾಡಿಯಲ್ಲಿ ಕೇಳಿ. ಹಣ ಬರುವುದು ನಿಂತಿದ್ದರೆ ಯಾಕೆ ಎಂದು ಕೇಳಿ ಬರೆದಿಡಿ.

2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಆರೈಕೆಯ ನೀತಿಯನ್ನು ತಂದಿತು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬಂದು ಹಾಸಿಗೆ ಹಿಡಿದವರನ್ನು ನೋಡುತ್ತಾರೆ. ಹೆಸರು ಸೇರಿಸಲು ಆರೋಗ್ಯ ಕೇಂದ್ರದಲ್ಲಿ ಹೇಳಬೇಕು. ಭಿನ್ನಶೇಷಿಯ ಮಕ್ಕಳಿಗೆ ಹಲವು ಪಂಚಾಯತುಗಳಲ್ಲಿ ಬಡ್ಸ್ ಶಾಲೆಗಳಿವೆ. ಮಗು ಶಾಲೆಗೆ ಹೋದ ಹೊತ್ತು ತಾಯಿಗೆ ಸಿಕ್ಕಿದ ಹೊತ್ತು.

ಅರ್ಜಿ ಮಲಯಾಳದಲ್ಲಿದೆ ಎಂದು ಹಿಂದೆ ಸರಿಯಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ, ಕನ್ನಡದವರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು. ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಆ ತಾಯಿಗೆ ಹೊರಗೆ ಹೋಗಲು ಆಗದಿದ್ದರೆ ಕಚೇರಿಗೆ ನೀವು ಹೋಗಿ ಬನ್ನಿ. ಇದೂ ಬುತ್ತಿಯ ಒಂದು ಭಾಗ.

ಪದಗಳ ಅರ್ಥ

ಬಾಧಿತರು: ಕಷ್ಟಕ್ಕೆ, ರೋಗಕ್ಕೆ ಒಳಗಾದವರು
ಪರಿಹಾರ: ಆದ ನಷ್ಟಕ್ಕೆ ಕೊಡುವ ಹಣ
ಪಾಲಿಯೇಟಿವ್ ಆರೈಕೆ: ನೋವು ಕಡಿಮೆ ಮಾಡುವ, ಮನೆಯವರಿಗೂ ಧೈರ್ಯ ಕೊಡುವ ಆರೈಕೆ
ಭಿನ್ನಶೇಷಿ: ಅಂಗವೈಕಲ್ಯ ಇರುವವರು
ಅಲ್ಪಸಂಖ್ಯಾತರು: ಸಂಖ್ಯೆಯಲ್ಲಿ ಕಡಿಮೆ ಇರುವವರು

ಅಭ್ಯಾಸ

ಅ. ಉತ್ತರ ಬರೆಯಿರಿ.
1. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಯಾಕೆ?
2. ಸೀರೆ ಬೇಡ ಎಂದು ಅಜ್ಜಿ ಹೇಳಿದ್ದು ಯಾಕೆ?
3. ಚೀಟಿಯಲ್ಲಿ ದಿನವನ್ನೂ ಗಂಟೆಯನ್ನೂ ಬರೆಯಬೇಕು. ಯಾಕೆ?

ಆ. ಲೆಕ್ಕ ಮಾಡಿ.
1. ಅಯಲ್ಕೂಟದಲ್ಲಿ 12 ಮಂದಿ ಇದ್ದಾರೆ. ಒಬ್ಬೊಬ್ಬರು 25 ರೂಪಾಯಿ ಹಾಕಿದರೆ ಒಟ್ಟು ಎಷ್ಟು? ನಿಮ್ಮ ಊರಿನ ಅಂಗಡಿಯ ಬೆಲೆಯಲ್ಲಿ ಆ ಹಣಕ್ಕೆ ಏನೇನು ಸಿಗುತ್ತದೆ? ಪಟ್ಟಿ ಮಾಡಿ.
2. 12 ಮಂದಿ ಇಬ್ಬಿಬ್ಬರಾಗಿ ವಾರಕ್ಕೊಂದು ಸಲ ಹೋಗುತ್ತಾರೆ. ಒಬ್ಬರ ಸರದಿ ಎಷ್ಟು ವಾರಕ್ಕೊಮ್ಮೆ ಬರುತ್ತದೆ?

ಇ. ಮಾಡಿ.
ನಿಮ್ಮ ಊರಿನಲ್ಲಿ ರೋಗಿಯನ್ನು ನೋಡಿಕೊಳ್ಳುವ ಒಬ್ಬರಿಗೆ ಚೀಟಿ ಬರೆಯಿರಿ. ನಿಮ್ಮ ಕೈಯಿಂದಲೇ ಬರೆಯಿರಿ. ಗುರುಗಳಿಗೆ ತೋರಿಸಿ. ಆಮೇಲೆ ಅದನ್ನು ಪುಸ್ತಕದಲ್ಲಿ ಇಟ್ಟುಕೊಳ್ಳಬೇಡಿ. ಆ ಮನೆಗೆ ಹೋಗಿ ಕೊಟ್ಟು ಬನ್ನಿ.