ಮರಗೆಲಸದ ಶೆಡ್ಡಿಗೆ ಎಷ್ಟು ಬೆಳಕು ಬೇಕು?

ಪ್ರಶ್ನೆ: ಹರಪನಹಳ್ಳಿಯ ಓದುಗರೊಬ್ಬರ ಮನೆ ಹಿಂದೆ 10 ಅಡಿ ಅಗಲ, 12 ಅಡಿ ಉದ್ದದ ಶೆಡ್ಡಿದೆ. ಅಲ್ಲಿ ಸ್ಟೂಲು, ಕಪಾಟು ಮಾಡುವುದು ಅವರ ಹವ್ಯಾಸ. ಎರಡು ಹಳೆಯ ಟ್ಯೂಬ್‌ಲೈಟ್‌ಗಳ ಕೆಳಗೆ ಸಂಜೆ ಪೆನ್ಸಿಲ್ ಗೆರೆಯೇ ಕಾಣುವುದಿಲ್ಲವಂತೆ. ಎಲ್‌ಇಡಿ ಹಾಕಿದರೆ ಸರಿಹೋದೀತೆ?

ಉತ್ತರ: ಸರಿಹೋಗುತ್ತದೆ, ಲೆಕ್ಕ ಹಾಕಿ ಕೊಂಡರೆ. 2015ರ ಡಿಸೆಂಬರ್‌ನಲ್ಲಿ ಶುರುವಾದ ‘ಹೊಸ ಬೆಳಕು’ ಯೋಜನೆ 9 ವಾಟ್‌ನ ಎಲ್‌ಇಡಿ ಬಲ್ಬನ್ನು ರಾಜ್ಯದ ಮನೆಗಳಿಗೆ ಮುಟ್ಟಿಸಿತು. ಆ ಬಲ್ಬು ಪಡಸಾಲೆಗೆ ಸಾಕು, ಉಳಿ ಹಿಡಿಯುವ ಮೇಜಿಗೆ ಸಾಲದು.

ಸಾಧಾರಣ ಮರಗೆಲಸಕ್ಕೆ ಸುಮಾರು 300 ಲಕ್ಸ್, ಸೂಕ್ಷ್ಮ ಕೆಲಸಕ್ಕೆ 500 ಲಕ್ಸ್ ಬೇಕು (ಒಂದು ಚದರ ಮೀಟರ್ ಮೇಲೆ ಬೀಳುವ ಒಂದು ಲುಮೆನ್ ಬೆಳಕೇ ಒಂದು ಲಕ್ಸ್). ಈ ಶೆಡ್ಡಿನ ವಿಸ್ತೀರ್ಣ ಸುಮಾರು 11 ಚದರ ಮೀಟರ್. ಗೋಡೆ, ಧೂಳು ನುಂಗುವುದನ್ನೂ ಸೇರಿಸಿದರೆ 300 ಲಕ್ಸ್‌ಗೆ 5,500 ಲುಮೆನ್ ಆಸುಪಾಸು ಅಗತ್ಯ. ತಲಾ 2,000 ಲುಮೆನ್ ಕೊಡುವ 20 ವಾಟ್‌ನ ಮೂರು ಎಲ್‌ಇಡಿ ಟ್ಯೂಬ್‌ಗಳು ಇದನ್ನು ತುಂಬುತ್ತವೆ. ಚೋಕ್ ಸೇರಿ ಹಳೆಯ ಎರಡು ಟ್ಯೂಬ್‌ಗಳು ತಿನ್ನುತ್ತಿದ್ದದ್ದು ಸುಮಾರು 100 ವಾಟ್. ಈ ಮೂರೂ ಸೇರಿ 60.

ಒಂದು ಟ್ಯೂಬ್ ಮೇಜಿನ ಮುಂದಿನ ಅಂಚಿನ ನೇರಕ್ಕೇ ಇರಲಿ. ಬೆನ್ನ ಹಿಂದಿದ್ದರೆ ಕೆಲಸದ ಮೇಲೆ ಅವರ ನೆರಳೇ ಬೀಳುತ್ತದೆ.

ಅಗ್ಗದ ಡ್ರೈವರ್ (ವಿದ್ಯುತ್ ಹೊಂದಿಸಿ ಕೊಡುವ ಸರ್ಕ್ಯೂಟ್) ಇರುವ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಂಥ ಬೆಳಕಿನಲ್ಲಿ ತಿರುಗುವ ಗರಗಸ ನಿಂತಂತೆ ಕಂಡು, ಬೆರಳಿಗೇ ಅಪಾಯ. ಹಾಗಾಗಿ ಮಿನುಗದ ಟ್ಯೂಬನ್ನೇ ಕೇಳಿ ಕೊಳ್ಳಬೇಕು.

ಟ್ಯೂಬ್‌ಲೈಟಿನ ಹಳೆಯ ಪಟ್ಟಿಯನ್ನೇ ಬಳಸುವುದಾದರೆ ಮೇನ್ ಆಫ್ ಮಾಡಿ, ಟ್ಯೂಬಿನ ಮೇಲಿನ ವೈರಿಂಗ್ ಚಿತ್ರ ನೋಡಿ, ಚೋಕ್, ಸ್ಟಾರ್ಟರ್ ತೆಗೆಯುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ.