ಹೊಟ್ಟೆಯೊಳಗಿನ ಡಯಾಲಿಸಿಸ್: ಬ್ಯಾಗಿನ ದ್ರಾವಣ ಆರಿಸುವುದು, ಕಾಯುವುದು ಹೇಗೆ?

ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕ ನಾಲ್ಕು ನಾಲ್ಕು ತಾಸು ಮಲಗುವುದು ಒಂದು ಕಷ್ಟ. ಅದಕ್ಕಾಗಿ ಊರು ಬಿಟ್ಟು ಹೋಗಿಬರುವುದು ಇನ್ನೊಂದು. ಗಡಹಿಂಗ್ಲಜ್ ಸುತ್ತಲಿನ ಹಳ್ಳಿಯವರು ಕೊಲ್ಹಾಪುರಕ್ಕೋ ಬೆಳಗಾವಿಗೋ ಬಸ್ಸು ಹಿಡಿಯಬೇಕಾಗಿ ಬಂದರೆ ರೋಗಿಯ ಜತೆ ಹೋಗುವವರ ಕೂಲಿಯೂ ಆ ದಿನ ಮುಳುಗಿತು. ಅಂಥ ಮನೆಗಳಿಗೆ ವೈದ್ಯರು ತೋರಿಸುವ ಇನ್ನೊಂದು ದಾರಿ ಪೆರಿಟೋನಿಯಲ್ ಡಯಾಲಿಸಿಸ್, ಅಂದರೆ ಪಿಡಿ. ಹೊಟ್ಟೆಗೆ ಕೂರಿಸಿದ ಮೆತ್ತನೆಯ ಕೊಳವೆಯಿಂದ ಸುಮಾರು 2 ಲೀಟರ್ ದ್ರಾವಣ ಒಳಗೆ ಬಿಡುತ್ತಾರೆ. ನಾಲ್ಕಾರು ತಾಸು ಒಳಗಿದ್ದು, ರಕ್ತದ ಕಶ್ಮಲವನ್ನೂ ಹೆಚ್ಚುವರಿ ನೀರನ್ನೂ ಒಳಪೊರೆಯ ಮೂಲಕ ಸೆಳೆದುಕೊಂಡು ಅದು ಹೊರಬರುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಕೈಯಿಂದಲೇ ಬ್ಯಾಗ್ ಬದಲಿಸಿದರೆ ಕರೆಂಟು ಬೇಡ, ಯಂತ್ರ ಬೇಡ.

ದಿನಕ್ಕೆ ನಾಲ್ಕು ಬ್ಯಾಗ್ ಎಂದರೆ ವರ್ಷಕ್ಕೆ ಸುಮಾರು 2,900 ಲೀಟರ್ ದ್ರಾವಣ ಅದೇ ತೆಳು ಪೊರೆಯನ್ನು ಸವರಿಕೊಂಡು ಹೋಗುತ್ತದೆ. ಆದ್ದರಿಂದ ಬ್ಯಾಗು ಬರೀ ನೀರಲ್ಲ, ಅಳತೆಯಿಟ್ಟು ಕೊಡುವ ಔಷಧ.

ಒಳಗೆ ಏನಿದೆ, ಏನಿಲ್ಲ

ಸಾಮಾನ್ಯ ಬ್ಯಾಗಿನ ಪ್ರತಿ ಲೀಟರಿನಲ್ಲಿ ಸೋಡಿಯಂ ಸುಮಾರು 132 ಮಿಲಿಮೋಲ್, ಕ್ಯಾಲ್ಸಿಯಂ 1.25 ಅಥವಾ 1.75, ಲ್ಯಾಕ್ಟೇಟ್ 35ರಿಂದ 40, ಚೂರು ಮೆಗ್ನೀಸಿಯಂ ಮತ್ತು ಡೆಕ್ಸ್‌ಟ್ರೋಸ್ ಸಕ್ಕರೆ ಇರುತ್ತವೆ. ಪೊಟ್ಯಾಸಿಯಂ ಇರುವುದಿಲ್ಲ, ರಕ್ತದಲ್ಲಿ ಹೆಚ್ಚಾದದ್ದು ಹೊರಗೆ ಹರಿದು ಬರಲೆಂದೇ ಹೀಗೆ. ದೇಹದ ಆಮ್ಲ ತಗ್ಗಿಸಲು ಬೇಕಾದದ್ದು ಬೈಕಾರ್ಬೊನೇಟ್, ಆದರೆ ಅದನ್ನು ಕ್ಯಾಲ್ಸಿಯಂ ಜತೆ ಒಂದೇ ಚೀಲದಲ್ಲಿಟ್ಟರೆ ಸುಣ್ಣದಂತೆ ಗಟ್ಟಿಯಾಗಿ ತಳ ಸೇರುತ್ತದೆ. ಅದಕ್ಕೇ ಲ್ಯಾಕ್ಟೇಟ್ ಹಾಕುತ್ತಾರೆ. ಯಕೃತ್ತು ಅದನ್ನು ಬೈಕಾರ್ಬೊನೇಟ್ ಮಾಡಿಕೊಳ್ಳುತ್ತದೆ.

ಕ್ಯಾಲ್ಸಿಯಂ ಅಂಕಿಯನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ರಂಜಕ ಇಳಿಸಲೆಂದು ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿರುವವರಿಗೆ ಸಾಮಾನ್ಯವಾಗಿ 1.25ರದ್ದೇ ಹೊಂದುತ್ತದೆ. ಹೊಸ ಬಾಕ್ಸ್ ಬಂದಾಗ ಈ ಅಂಕಿ ಬದಲಾಗಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ.

ಎಷ್ಟು ಸಕ್ಕರೆಯ ಬ್ಯಾಗ್?

ಹಸಿ ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ನೀರು ಬಿಡುತ್ತದಲ್ಲ, ಬ್ಯಾಗಿನ ಸಕ್ಕರೆ ಮಾಡುವುದೂ ಅದೇ ಕೆಲಸ. ಶೇ 1.5, ಶೇ 2.5, ಶೇ 4.25 ಎಂದು ಮೂರು ಗಟ್ಟಿತನ. ಸಕ್ಕರೆ ಹೆಚ್ಚಿದಷ್ಟೂ ಮೈಯಿಂದ ಬರುವ ನೀರು ಹೆಚ್ಚು. ಆದರೆ ಅದಕ್ಕೆ ಬೆಲೆಯೂ ಉಂಟು. 2 ಲೀಟರಿನ ಬ್ಯಾಗುಗಳಲ್ಲಿ ಕ್ರಮವಾಗಿ 30, 50, 85 ಗ್ರಾಂ ಡೆಕ್ಸ್‌ಟ್ರೋಸ್ ಇರುತ್ತದೆ; ಒಳಗಿರುವ ಹೊತ್ತಿನಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಪಾಲು ರಕ್ತ ಸೇರುತ್ತದೆ. ಮಧುಮೇಹ ಇದ್ದವರ ಇನ್ಸುಲಿನ್ ಲೆಕ್ಕ ಏರುಪೇರಾಗುತ್ತದೆ, ತೂಕ ಏರುತ್ತದೆ, ವರ್ಷಗಟ್ಟಲೆ ಗಟ್ಟಿ ಸಕ್ಕರೆ ತಾಗಿದ ಪೊರೆ ದಪ್ಪಗಾಗಿ ಸೋಸುವ ಶಕ್ತಿ ಕಳೆದುಕೊಳ್ಳುತ್ತದೆ.

ಹಾಗಾಗಿ ಕೆಲಸ ಸಾಗುವಷ್ಟು ತೆಳು ಬ್ಯಾಗೇ ಒಳ್ಳೆಯ ಬ್ಯಾಗ್. ಅದನ್ನು ತೀರ್ಮಾನಿಸುವ ಕ್ರಮ ಇದು. ದಿನಾ ಬೆಳಗ್ಗೆ ಹೊಟ್ಟೆಯ ದ್ರಾವಣ ಖಾಲಿ ಮಾಡಿದ ಮೇಲೆ ತೂಕ ನೋಡಿ, ರಕ್ತದೊತ್ತಡ ಬರೆದಿಡಿ, ಕಣಕಾಲಿನ ಬಾವು ಒತ್ತಿ ನೋಡಿ. ಪ್ರತಿ ಬ್ಯಾಗು ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ವಹಿಯಲ್ಲಿ ಬರೆಯಿರಿ. ತೂಕ ಏರಿ ಬಾವು ಬಂದರೆ ಯಾವ ಬ್ಯಾಗ್, ಒತ್ತಡ ಇಳಿದು ತಲೆ ಸುತ್ತಿದರೆ ಯಾವ ಬ್ಯಾಗ್ ಎಂಬುದನ್ನು ಪಿಡಿ ನರ್ಸ್ ಕೈಯಲ್ಲಿ ಬರೆಸಿಕೊಂಡು ಗೋಡೆಗೆ ಅಂಟಿಸಿ. ಬಾಯಿಮಾತು ಸಾಲದು. ನೀರು ತುಂಬಿಲ್ಲದ ಮೈಗೆ ಶೇ 4.25ರ ಬ್ಯಾಗ್ ಹಾಕಿದರೆ ಮೈ ಬತ್ತಿ, ಇನ್ನೂ ಬರುತ್ತಿದ್ದ ಚೂರುಪಾರು ಮೂತ್ರವೂ ನಿಲ್ಲಬಹುದು. ಆ ಉಳಿದ ಮೂತ್ರ ಪಿಡಿ ರೋಗಿಯ ದೊಡ್ಡ ಆಸ್ತಿ.

ಇಲ್ಲಿ ನಮ್ಮ ಸೀಮೆಯ ಊಟದ ಮಾತು ಬರಲೇಬೇಕು. ತಾಂಬಡಾ ರಸ್ಸಾ, ಮಿಸಳ್, ಉಪ್ಪಿನಕಾಯಿ, ಹಪ್ಪಳ ಎಲ್ಲ ಉಪ್ಪಿನ ಖಜಾನೆ. ಉಪ್ಪು ತಿಂದರೆ ನೀರಡಿಕೆ, ನೀರು ಕುಡಿದರೆ ಬಾವು, ಬಾವಿಗೆ ಗಟ್ಟಿ ಬ್ಯಾಗು. ನನ್ನನ್ನು ಕೇಳಿದರೆ ಬ್ಯಾಗಿನ ಸಕ್ಕರೆ ತೀರ್ಮಾನವಾಗುವುದು ತಟ್ಟೆಯ ಉಪ್ಪಿನಲ್ಲಿ. ಇನ್ನೊಂದು ಕಡೆ, ದ್ರಾವಣದ ಜತೆ ದಿನಕ್ಕೆ 5ರಿಂದ 10 ಗ್ರಾಂ ಪ್ರೋಟೀನ್ ಹೊರಗೆ ಹೋಗುತ್ತದೆ. ಆದ್ದರಿಂದ ರೋಗಿಗೆ ಮೊಟ್ಟೆ, ಬೇಳೆ ಬಿಡಿಸಿ ಬರೀ ಗಂಜಿ ಕುಡಿಸುವುದು ತಪ್ಪು.

ಹೊಟ್ಟೆಗೆ ಒಗ್ಗದಿದ್ದರೆ

ಸಕ್ಕರೆಯ ದ್ರಾವಣವನ್ನು ಕಾರ್ಖಾನೆಯಲ್ಲಿ ಕ್ರಿಮಿಶುದ್ಧಿಗೆ ಕಾಯಿಸುವಾಗ ಸಕ್ಕರೆ ಒಡೆದು ಪೊರೆಗೆ ಕೆಡುಕು ಮಾಡುವ ಪದಾರ್ಥಗಳಾಗುತ್ತವೆ. ಅದು ಕಡಿಮೆಯಾಗಲೆಂದು ದ್ರಾವಣವನ್ನು ತುಸು ಹುಳಿಯಾಗಿ, ಪಿಎಚ್ 5.5ರ ಆಸುಪಾಸಿನಲ್ಲಿ ಇಡುತ್ತಾರೆ. ಕೆಲವರಿಗೆ ಬ್ಯಾಗ್ ಇಳಿಯುವಾಗ ಹೊಟ್ಟೆ ಉರಿಯುವುದಕ್ಕೆ ಈ ಹುಳಿ ಒಂದು ಕಾರಣ. ಮೊದಲು ನಿಧಾನ ಬಿಟ್ಟು ನೋಡಿ, ದ್ರಾವಣ ತಣ್ಣಗಿತ್ತೇ ಎಂದು ನೋಡಿ. ಆದರೂ ನೋವು ಬಂದರೆ ಎರಡು ಕೋಣೆಯ ಬ್ಯಾಗಿನ ಬಗ್ಗೆ ವೈದ್ಯರನ್ನು ಕೇಳಿ. ಅದರಲ್ಲಿ ಸಕ್ಕರೆ ಒಂದು ಕೋಣೆಯಲ್ಲಿ, ಉಳಿದದ್ದು ಇನ್ನೊಂದರಲ್ಲಿ. ನಡುವಿನ ಸೀಲ್ ಒಡೆದು ಕೂಡಿಸಿದಾಗ ದ್ರಾವಣ ರಕ್ತದ ಪಿಎಚ್ ಹತ್ತಿರ ಬರುತ್ತದೆ. ಮೂತ್ರ ಹೆಚ್ಚು ದಿನ ಉಳಿಯಲು ಇದು ನೆರವಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ಬೆಲೆ ಹೆಚ್ಚು. ಸೀಲ್ ಒಡೆಯದೆ ಒಂದೇ ಕೋಣೆಯದ್ದು ಹೊಟ್ಟೆಗೆ ಹೋದರೆ ಅಪಾಯ.

ರಾತ್ರಿಯ ಉದ್ದ ಅವಧಿಗೆ ಶೇ 7.5ರ ಐಕೊಡೆಕ್ಸ್‌ಟ್ರಿನ್ ಎಂಬ ಇನ್ನೊಂದು ಬಗೆಯಿದೆ, ದಿನಕ್ಕೆ ಒಂದೇ ಬ್ಯಾಗ್. ಇದನ್ನು ಹಾಕಿಕೊಳ್ಳುವ ಮಧುಮೇಹಿಗಳು ತಮ್ಮ ಗ್ಲುಕೋಮೀಟರ್ ಇದಕ್ಕೆ ಸರಿಹೊಂದುತ್ತದೆಯೇ ಎಂದು ಕೇಳಲೇಬೇಕು. ಕೆಲವು ಬಗೆಯ ಪಟ್ಟಿಗಳು ಇಲ್ಲದ ಸಕ್ಕರೆಯನ್ನು ಇದೆಯೆಂದು ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಚುಚ್ಚಿಕೊಂಡು ಪ್ರಾಣ ಕಳೆದುಕೊಂಡವರಿದ್ದಾರೆ.

ಮನೆಯಲ್ಲಿ ಬೆರೆಸುವ ಮಾತು ಬೇಡ

ಸಲೈನ್ ಬಾಟಲಿಗೆ ಗ್ಲುಕೋಸ್ ಸೇರಿಸಿದರೆ ಅಗ್ಗವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹಾವು ಕಡಿದು ಮೂತ್ರಪಿಂಡ ಥಟ್ಟನೆ ಕೈಕೊಟ್ಟಂಥ ತುರ್ತಿನಲ್ಲಿ, ಬ್ಯಾಗ್ ಸಿಗದ ಆಸ್ಪತ್ರೆಯಲ್ಲಿ, ವೈದ್ಯರು ರಿಂಗರ್ಸ್ ಲ್ಯಾಕ್ಟೇಟ್‌ಗೆ ಡೆಕ್ಸ್‌ಟ್ರೋಸ್ ಕೂಡಿಸಿ ಕೆಲವು ದಿನ ಪಿಡಿ ಮಾಡಲು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಒಪ್ಪುತ್ತದೆ. ಅದು ಜೀವ ಉಳಿಸುವ ತಾತ್ಕಾಲಿಕ ಉಪಾಯ. ರಿಂಗರ್ಸ್‌ನಲ್ಲಿ ಪೊಟ್ಯಾಸಿಯಂ ಇದೆ, ಮತ್ತು ಬಾಟಲಿಗೆ ಸೂಜಿ ಚುಚ್ಚಿದ ಪ್ರತಿ ಸಲವೂ ರೋಗಾಣುವಿಗೆ ಒಂದು ಬಾಗಿಲು ತೆರೆದಂತೆ. ಕಾರ್ಖಾನೆಯ ದ್ರಾವಣವೂ ಎಡವಿದ್ದುಂಟು: 2001–02ರಲ್ಲಿ ಯುರೋಪಿನಲ್ಲಿ ಐಕೊಡೆಕ್ಸ್‌ಟ್ರಿನ್ ಬ್ಯಾಗುಗಳಿಂದ ಅನೇಕರ ಹೊಟ್ಟೆ ಉರಿಯೂತಗೊಂಡಿತು. ಬ್ಯಾಕ್ಟೀರಿಯಾ ಸಿಗಲಿಲ್ಲ, ಬ್ಯಾಕ್ಟೀರಿಯಾದ ಕೋಶಗೋಡೆಯ ಚೂರು ಮಾತ್ರ ಸಿಕ್ಕಿತು. ಆಗ ರೂಢಿಯಲ್ಲಿದ್ದ ಪರೀಕ್ಷೆಗಳ ಕಣ್ಣಿಗೂ ಅದು ಬಿದ್ದಿರಲಿಲ್ಲ. ಅಡುಗೆಮನೆಯಲ್ಲಿ ಅದನ್ನು ಹಿಡಿಯುವುದು ಸಾಧ್ಯವೇ? ಹೆಪಾರಿನ್, ಆ್ಯಂಟಿಬಯೋಟಿಕ್ ಬ್ಯಾಗಿಗೆ ಹಾಕಬೇಕಾದಾಗಲೂ ತರಬೇತಾದ ಕೈಯೇ ಹಾಕಬೇಕು.

ಬದಲಿಸುವ ಹೊತ್ತು

ಇಚಲಕರಂಜಿಯಲ್ಲಿ ಮಗ್ಗದ ಪಕ್ಕದಲ್ಲೇ ಮನೆ ಇರುವವರು ಮೊದಲು ನೋಡಬೇಕಾದದ್ದು ಹತ್ತಿಯ ಧೂಳು. ಮಗ್ಗದ ಕಡೆಗೆ ಬಾಗಿಲು ಇಲ್ಲದ ಕೋಣೆ ಆರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ. ಮುಖಕ್ಕೆ ಮಾಸ್ಕ್, ಸೋಪಿನಿಂದ ಕೈ ತೊಳೆದು ಪೂರ್ತಿ ಒಣಗಿಸಿ. ಬ್ಯಾಗಿನ ಮೇಲೆ ಶೇಕಡಾ, ಕ್ಯಾಲ್ಸಿಯಂ, ಅವಧಿ ಓದಿ. ಬಣ್ಣ ನೋಡಿ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆ. ಒತ್ತಿ ನೋಡಿ, ಸೋರಿದರೆ ಬಿಸಾಡಿ. ಹೊರಕವಚ ತೆಗೆಯದೆ ಒಣ ಶಾಖದಲ್ಲಿ ಮೈಬಿಸಿಗೆ ತನ್ನಿ. ಬಿಸಿನೀರಿನಲ್ಲಿ ಮುಳುಗಿಸಬೇಡಿ, ಮೈಕ್ರೊವೇವ್ ಬೇಡ. ಮೊದಲು ಹಳೆಯದು ಖಾಲಿ, ನಂತರ ಹೊಸ ದ್ರಾವಣದಿಂದ ಕೊಳವೆ ತೊಳೆ, ಆಮೇಲೆ ಹೊಟ್ಟೆಗೆ ಬಿಡು: ಈ ಅನುಕ್ರಮ ತಪ್ಪಬಾರದು.

ಹೊರಬಂದ ಬ್ಯಾಗಿನ ಕೆಳಗೆ ಈ ಪುರವಣಿಯನ್ನೇ ಇಡಿ. ಅಕ್ಷರ ಓದಲು ಬಂದರೆ ಸರಿ. ಮಸುಕಾಗಿದ್ದರೆ, ಹೊಟ್ಟೆನೋವು ಇರಲಿ ಬಿಡಲಿ, ಆ ಬ್ಯಾಗನ್ನೇ ಹಿಡಿದು ಅದೇ ದಿನ ಆಸ್ಪತ್ರೆಗೆ ಹೋಗಿ. ನಾಳೆ ಎನ್ನಬೇಡಿ.

ಮಳೆಗಾಲದ ದಾಸ್ತಾನು

2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಪಂಚಗಂಗೆ ಉಕ್ಕಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದಾಗಿತ್ತು. ಆದ್ದರಿಂದ ಜೂನ್‌ಗೆ ಮೊದಲೇ ಎರಡು ವಾರದ ಹೆಚ್ಚುವರಿ ಬ್ಯಾಗ್ ತರಿಸಿಡಿ. ದಿನಕ್ಕೆ ನಾಲ್ಕರಂತೆ 56. ನೆಲಕ್ಕೆ ತಾಗದಂತೆ ಎತ್ತರದ ಹಲಗೆಯ ಮೇಲೆ, ಬಿಸಿಲು ತಾಗದ ಕಡೆ ಇಡಿ. ಪತ್ರಾ ಮಾಡಿನ ಕೆಳಗಿನ ಅಟ್ಟ ಬೇಡ, ಬೇಸಿಗೆಯಲ್ಲಿ ಅದು ಒಲೆಯಾಗುತ್ತದೆ. ಹೊಳೆ ನೀರು ತಾಗಿದ ಬ್ಯಾಗನ್ನು ತೊಳೆದು ಬಳಸುವಂತಿಲ್ಲ. ಬ್ಯಾಗ್ ಮುಗಿಯುವ ಸೂಚನೆ ಕಂಡರೆ ಮುಗಿಯುವ ಮುಂಚೆಯೇ ಆಸ್ಪತ್ರೆಗೆ ತಿಳಿಸಿ, ಅಲ್ಲಿಯವರೆಗೆ ಉಪ್ಪು, ನೀರು ಬಿಗಿ ಹಿಡಿಯಿರಿ. ಬೆಲ್ಲ, ಬಾಳೆಹಣ್ಣು, ಎಳನೀರು ದೂರವಿಡಿ.

ಖರ್ಚಿನ ವಿಷಯ: 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮಕ್ಕೆ 2019ರಲ್ಲಿ ಪಿಡಿ ಮಾರ್ಗಸೂಚಿಯೂ ಸೇರಿದೆ. ಕೊಳವೆ ಹಾಕಿಸುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಕಾರ್ಡ್ ತೋರಿಸಿ, ಶಸ್ತ್ರಕ್ರಿಯೆಗೆ ಎಷ್ಟು, ತಿಂಗಳ ಬ್ಯಾಗುಗಳಿಗೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿ.